ಬ್ರಿಟನ್ನಿನಲ್ಲಿ ಕೊಂಡ ಫೋನು, ಲ್ಯಾಪ್‌ಟಾಪು: ಬೆಲೆ ಓದುವುದು, ಹಣ ವಾಪಸ್ ಪಡೆಯುವುದು, ಕಾಪಿ ಮಾಡುವುದು

ಬ್ರಿಟನ್ನಿನ ಅಂಗಡಿಯಲ್ಲಿ ಕೊಂಡ ಲ್ಯಾಪ್‌ಟಾಪ್ ಕೆಟ್ಟರೆ ಅದಕ್ಕೆ ಹೊಣೆ ಮಾರಿದ ಅಂಗಡಿ. ತಯಾರಿಸಿದ ಕಂಪನಿಯ ಮಾತು ಆಮೇಲೆ. ಇದೊಂದು ಗೊತ್ತಿಲ್ಲದೆ ಜನ ಕಳೆದುಕೊಳ್ಳುವ ಹಣ ಸಣ್ಣದೇನಲ್ಲ. ಓದಲೆಂದೋ ಕೆಲಸಕ್ಕೆಂದೋ ಕರ್ನಾಟಕದಿಂದ ಬಂದ ನಮ್ಮವರಂತೂ ‘ಒಂದು ವರ್ಷದ ವಾರಂಟಿ ಮುಗೀತು, ಇನ್ನೇನು ಮಾಡೋದು’ ಎಂದು ಕೈಚೆಲ್ಲಿಬಿಡುತ್ತಾರೆ. ವಾರಂಟಿ ಕಂಪನಿ ತಾನಾಗಿ ಕೊಡುವ ಹೆಚ್ಚುವರಿ ಭರವಸೆ. ಅದಕ್ಕಿಂತ ಗಟ್ಟಿಯಾದ ಹಕ್ಕು ಇಲ್ಲಿನ ಕಾನೂನಿನಲ್ಲೇ ಇದೆ, ಅದನ್ನು ಕೇಳಲು ಆರು ವರ್ಷದವರೆಗೂ ಸಮಯವಿದೆ. ಆದರೆ ಇದೇ ದೇಶದ ಇನ್ನೊಂದು ಕಾನೂನು, ನೀವು ದುಡ್ಡು ಕೊಟ್ಟು ತಂದ ಸಿ.ಡಿ.ಯ ಹಾಡನ್ನು ನಿಮ್ಮದೇ ಫೋನಿಗೆ ಇಳಿಸಿಕೊಂಡರೆ ತಪ್ಪು ಎನ್ನುತ್ತದೆ. ವಸ್ತು ಕೊಂಡಾಗ ನಿಮ್ಮ ಕೈ ಮೇಲು, ಫೈಲು ಕೊಂಡಾಗ ಮಾರಿದವರ ಕೈ ಮೇಲು. ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಬೇಕು.

ಬೆಲೆಯನ್ನು ಆರರಿಂದ ಭಾಗಿಸಿ

ಅಮೆರಿಕದಲ್ಲಿ 999 ಡಾಲರ್ ಇರುವ ಫೋನಿಗೆ ಇಲ್ಲಿ 999 ಪೌಂಡ್ ಎಂದು ಕಂಡಾಗ ಬ್ರಿಟನ್ನಿನವರಿಗೇ ಹೊಟ್ಟೆ ಉರಿಯುತ್ತದೆ. ದೂರುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿ. ಇಲ್ಲಿನ ಬೆಲೆಚೀಟಿಯಲ್ಲಿ ನಮ್ಮ ಎಂಆರ್‌ಪಿಯಂತೆ ತೆರಿಗೆ ಸೇರಿಕೊಂಡೇ ಇರುತ್ತದೆ. ವ್ಯಾಟ್ ಶೇ 20. ಒಟ್ಟು ಬೆಲೆಯ ಆರನೇ ಒಂದು ಭಾಗವೇ ಆ ತೆರಿಗೆ. 999ನ್ನು 6ರಿಂದ ಭಾಗಿಸಿದರೆ 166.50. ಅದನ್ನು ಕಳೆದರೆ ಅಂಗಡಿಗೆ ಸೇರುವುದು 832.50 ಪೌಂಡ್. ಅಮೆರಿಕದ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ, ಅದು ರಾಜ್ಯಕ್ಕೊಂದರಂತೆ ಬಿಲ್ಲಿನಲ್ಲಿ ಬೀಳುತ್ತದೆ. ಆದ್ದರಿಂದ 832.50 ಪೌಂಡನ್ನು ಅವತ್ತಿನ ದರದಲ್ಲಿ ಡಾಲರಿಗೆ ತಿರುಗಿಸಿ, 999 ಡಾಲರಿನ ಪಕ್ಕದಲ್ಲಿಡಿ. ಉಳಿಯುವ ಅಂತರವೇ ಕಂಪನಿ ನಿಜವಾಗಿ ಹೆಚ್ಚಿಗೆ ಕೇಳುತ್ತಿರುವ ಹಣ. ಬಹಳ ಸಲ ಆ ಅಂತರ ಅಂದುಕೊಂಡದ್ದಕ್ಕಿಂತ ಚಿಕ್ಕದು, ಕೆಲವು ಸಲ ಸಿಟ್ಟು ಬರುವಷ್ಟು ದೊಡ್ಡದು. ಸಿಟ್ಟು ಬರುವುದಿದ್ದರೆ ಸರಿಯಾದ ಸಂಖ್ಯೆಯ ಮೇಲೆ ಬರಲಿ.

ಊರಿಗೆ ಹೋಗುವಾಗ ಹೀಥ್ರೂ ವಿಮಾನ ನಿಲ್ದಾಣದಲ್ಲಿ ವ್ಯಾಟ್ ವಾಪಸ್ ಸಿಗುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಇನ್ನೂ ಇದೆ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಆ ವ್ಯವಸ್ಥೆ 2021ರ ಜನವರಿ 1ಕ್ಕೆ ನಿಂತುಹೋಯಿತು. ಆ ಲೆಕ್ಕಾಚಾರದಲ್ಲಿ ಬೆಂಗಳೂರಿನ ತಮ್ಮನಿಗೆಂದು ಫೋನು ಕೊಂಡರೆ ಆರನೇ ಒಂದು ಭಾಗ ಕೈಬಿಟ್ಟಂತೆಯೇ.

ಹೊರದೇಶದ ಜಾಲತಾಣದಿಂದ ತರಿಸುವವರು 135 ಪೌಂಡಿನ ಗೆರೆಯನ್ನು ನೆನಪಿಡಬೇಕು. ಸರಕಿನ ಬೆಲೆ ಅಷ್ಟರೊಳಗಿದ್ದರೆ ಕೊಳ್ಳುವಾಗಲೇ ವ್ಯಾಟ್ ಸೇರಿಸಬೇಕು. ಅದಕ್ಕಿಂತ ಹೆಚ್ಚಾದರೆ ಪಾರ್ಸೆಲ್ ಬಾಗಿಲಿಗೆ ಬರುವಾಗ ಕೊರಿಯರಿನವರು ಶೇ 20 ವ್ಯಾಟ್ ಜೊತೆಗೆ ತಮ್ಮ ಕೈಕೂಲಿಯನ್ನೂ ಕೇಳುತ್ತಾರೆ. 150 ಪೌಂಡಿನ ಅಗ್ಗದ ಟ್ಯಾಬ್ಲೆಟ್ ಮನೆಗೆ ಬರುವಷ್ಟರಲ್ಲಿ 180 ದಾಟುವುದು ಹೀಗೆ. ಪುಸ್ತಕ ಓದುವವರಿಗೆ ಮಾತ್ರ ಇಲ್ಲಿ ಒಳ್ಳೆಯ ಸುದ್ದಿ: ಅಚ್ಚಿನ ಪುಸ್ತಕಕ್ಕೆ ವ್ಯಾಟ್ ಸೊನ್ನೆ, 2020ರ ಮೇ 1ರಿಂದ ಇ-ಪುಸ್ತಕಕ್ಕೂ ಸೊನ್ನೆ. ಅದೇ ಪುಸ್ತಕವನ್ನು ಆಡಿಯೊ ರೂಪದಲ್ಲಿ ಕೊಂಡರೆ ಶೇ 20 ಕೊಡಬೇಕು. ಕಣ್ಣು ಮಂಜಾಗಿ ಓದಲಾಗದವರೇ ಹೆಚ್ಚಾಗಿ ಕೇಳುವ ಪುಸ್ತಕಕ್ಕೆ ಈ ತೆರಿಗೆ ಹಾಕಿರುವುದು ಸರಿಯಲ್ಲ.

ಕೊನೆಯ ಪುಟದಲ್ಲಿ ‘ಬುಕಿಂಗ್ ಶುಲ್ಕ’, ‘ಕಡ್ಡಾಯ ಸೇವಾ ಶುಲ್ಕ’ ಎಂದು ಒಂದೊಂದೇ ಸೇರಿಸುವ ಚಾಳಿಗೆ 2025ರ ಏಪ್ರಿಲ್ 6ರಿಂದ ಕಾನೂನಿನ ಕಡಿವಾಣ ಬಿದ್ದಿದೆ. ತಪ್ಪಿಸಿಕೊಳ್ಳಲಾಗದ ಶುಲ್ಕವೆಲ್ಲ ಮೊದಲು ತೋರಿಸುವ ಬೆಲೆಯಲ್ಲೇ ಇರಬೇಕು. ಇಲ್ಲದಿದ್ದರೆ ಎರಡೂ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ತಿಂಗಳ ಕಂತಿನ ಫೋನು

‘ತಿಂಗಳಿಗೆ ಬರೀ 36 ಪೌಂಡ್’ ಎಂಬ ಹಲಗೆಯ ಮುಂದೆ ನಿಂತು ಫೋನಿನಲ್ಲೇ ಕ್ಯಾಲ್ಕ್ಯುಲೇಟರ್ ತೆಗೆಯಿರಿ. ಒಪ್ಪಂದ 24 ತಿಂಗಳು, ಪ್ರತಿ ಏಪ್ರಿಲ್‌ಗೆ 2 ಪೌಂಡ್ ಏರಿಕೆ, ಸೆಪ್ಟೆಂಬರಿನಲ್ಲಿ ಶುರು ಎಂದಿಟ್ಟುಕೊಳ್ಳಿ. ಮಾರ್ಚ್‌ವರೆಗೆ 7 ತಿಂಗಳು 36ರಂತೆ 252. ಮುಂದಿನ 12 ತಿಂಗಳು 38ರಂತೆ 456. ಕೊನೆಯ 5 ತಿಂಗಳು 40ರಂತೆ 200. ಒಟ್ಟು 908 ಪೌಂಡ್. ಅದೇ ಫೋನು ಬಿಡಿಯಾಗಿ 599ಕ್ಕೆ ಸಿಕ್ಕು, ತಿಂಗಳಿಗೆ 10 ಪೌಂಡಿನ ಸಿಮ್ ಹಾಕಿಕೊಂಡರೆ 839. ವ್ಯತ್ಯಾಸ 69 ಪೌಂಡ್, ಮೇಲಾಗಿ ಯಾವಾಗ ಬೇಕಾದರೂ ಕಂಪನಿ ಬದಲಿಸುವ ಸ್ವಾತಂತ್ರ್ಯ.

ಈ ಲೆಕ್ಕ ಈಗ ಸುಲಭವಾಗಿರುವುದಕ್ಕೆ ಕಾರಣ ಇಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಮ್. ಮುಂಚೆ ‘ಹಣದುಬ್ಬರ ಮತ್ತು ಶೇ 3.9’ ಎಂಬಂಥ ಷರತ್ತು ಹಾಕಿ, ಮುಂದೆ ಎಷ್ಟು ಏರುತ್ತದೆಂದು ಯಾರಿಗೂ ತಿಳಿಯದಂತೆ ಮಾಡುತ್ತಿದ್ದರು. 2025ರ ಜನವರಿ 17ರ ನಂತರದ ಹೊಸ ಒಪ್ಪಂದಗಳಲ್ಲಿ ಏರಿಕೆ ಎಷ್ಟು ಪೌಂಡ್, ಎಷ್ಟು ಪೆನ್ಸ್, ಯಾವಾಗ ಎಂದು ಮೊದಲೇ ಹೇಳಲೇಬೇಕು. ಒಂದು ವರ್ಷದ ಎಂ.ಎಸ್ಸಿ. ಓದಲು ಬಂದವರು 24 ತಿಂಗಳ ಒಪ್ಪಂದಕ್ಕೆ ಸಹಿ ಹಾಕುವುದು ಎಲ್ಲಕ್ಕಿಂತ ದುಬಾರಿ ತಪ್ಪು. ವೀಸಾ ಮುಗಿದರೂ ಒಪ್ಪಂದ ಮುಗಿಯದು, ಬಿಡಿಸಿಕೊಳ್ಳಲು ಶುಲ್ಕ ಕಟ್ಟಬೇಕು. 30 ದಿನದ ಸಿಮ್ ಸಾಕು. ಕಂಪನಿ ಬದಲಿಸಿಯೂ ನಂಬರು ಉಳಿಸಿಕೊಳ್ಳಬೇಕಾದರೆ ಇಂಗ್ಲಿಷಿನ ಪಿ, ಎ, ಸಿ ಅಕ್ಷರಗಳನ್ನು 65075ಕ್ಕೆ ಎಸ್ಎಂಎಸ್ ಮಾಡಿ. ಬರುವ ಸಂಕೇತ 30 ದಿನ ಚಾಲ್ತಿಯಲ್ಲಿರುತ್ತದೆ. ಅದನ್ನು ಹೊಸ ಕಂಪನಿಗೆ ಕೊಟ್ಟರೆ ಸಾಕು, ಹಳೆಯವರೊಡನೆ ಮಾತೇ ಬೇಡ.

ಅಗ್ಗದ ಫೋನಿನ ಇನ್ನೊಂದು ಗುಟ್ಟು ಅಪ್‌ಡೇಟ್. 2024ರ ಏಪ್ರಿಲ್ 29ರಿಂದ ಇಂಟರ್ನೆಟ್ಟಿಗೆ ಸೇರುವ ಸಾಧನಗಳನ್ನು ಮಾರುವಾಗ, ಸುರಕ್ಷತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆಂದು ತಯಾರಕರು ಪ್ರಕಟಿಸಬೇಕು. ಬೆಲೆಯನ್ನು ಉಳಿದಿರುವ ತಿಂಗಳುಗಳಿಂದ ಭಾಗಿಸಿ. 240 ಪೌಂಡಿನ ಫೋನಿಗೆ ಇನ್ನು 2 ವರ್ಷ ಮಾತ್ರ ಇದ್ದರೆ ತಿಂಗಳಿಗೆ 10 ಪೌಂಡ್. 480 ಪೌಂಡಿನದಕ್ಕೆ 7 ವರ್ಷ ಇದ್ದರೆ ತಿಂಗಳಿಗೆ 5 ಪೌಂಡ್ 71 ಪೆನ್ಸ್. ಯಾವುದು ಅಗ್ಗ ಎಂಬುದು ಬೆಲೆಚೀಟಿಯಲ್ಲಿ ಕಾಣುವುದಿಲ್ಲ.

ಕೆಟ್ಟರೆ: ದಿನ ಎಣಿಸಿ, ಆಮೇಲೆ ಬರೆಯಿರಿ

ಆಧಾರ 2015ರ ಗ್ರಾಹಕ ಹಕ್ಕುಗಳ ಕಾಯ್ದೆ. ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ವಸ್ತು ತೃಪ್ತಿಕರ ಗುಣಮಟ್ಟದ್ದಾಗಿರಬೇಕು, ಹೇಳಿದ ಕೆಲಸಕ್ಕೆ ಒದಗಬೇಕು, ವಿವರಿಸಿದಂತೆಯೇ ಇರಬೇಕು. ವ್ಯಾಪಾರಿಯಿಂದ ಕೊಂಡ ಸೆಕೆಂಡ್‌ಹ್ಯಾಂಡ್, ರೀಫರ್ಬಿಶ್ಡ್ ಮಾಲಿಗೂ ಇದು ಅನ್ವಯ, ವಯಸ್ಸು ಮತ್ತು ಬೆಲೆಗೆ ತಕ್ಕಂತೆ. ಖಾಸಗಿ ವ್ಯಕ್ತಿಯಿಂದ ಕೊಂಡದ್ದಕ್ಕೆ ಗುಣಮಟ್ಟದ ಈ ರಕ್ಷಣೆ ಇಲ್ಲ. ದೊಡ್ಡ ಜಾಲತಾಣಗಳಲ್ಲಿ ಕೊಳ್ಳುವಾಗ ‘ಮಾರುವವರು’ ಎಂಬ ಸಾಲನ್ನು ಅದಕ್ಕೇ ಓದಬೇಕು. ಜಾಲತಾಣದ ಹೆಸರು ಒಂದು, ಮಾರಿದವರು ಸಮುದ್ರದಾಚೆಯ ಇನ್ನಾರೋ ಆಗಿದ್ದರೆ ಹಕ್ಕು ಕಾಗದದಲ್ಲಿದ್ದೂ ವಸೂಲಿ ಕಷ್ಟ.

ಒಂದು ಲ್ಯಾಪ್‌ಟಾಪನ್ನೇ ಹತ್ತಿರದಿಂದ ನೋಡೋಣ. ಬೆಲೆ 749 ಪೌಂಡ್, ಮಾರ್ಚ್ 3ರಂದು ಮನೆಗೆ ಬಂತು. ಮಾರ್ಚ್ 29ರಂದು ಚಾರ್ಜಿಂಗ್ ಕಿಂಡಿ ಸಡಿಲವಾಗಿ, ವೈರನ್ನು ಒಂದು ಕೋನದಲ್ಲಿ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತಿದೆ. ಕೌಂಟರಿನಲ್ಲಿರುವವರು ‘ಕಂಪನಿಗೆ ಕಳಿಸಿ, ಮೂರು ವಾರ ಆಗುತ್ತೆ’ ಎನ್ನುತ್ತಾರೆ. ಇಲ್ಲೇ ಎಡವುವುದು. ಬಂದ ಮರುದಿನದಿಂದ 30 ದಿನ, ಅಂದರೆ ಏಪ್ರಿಲ್ 2ರವರೆಗೆ, ಮಾಲನ್ನು ತಿರಸ್ಕರಿಸಿ ಪೂರ್ತಿ ಹಣ ಕೇಳುವ ಹಕ್ಕಿದೆ. ಮಾರ್ಚ್ 29 ಎಂದರೆ 26ನೇ ದಿನ, ಹಕ್ಕು ಇನ್ನೂ ಜೀವಂತ. ಹಣವೇ ಬೇಕಿದ್ದರೆ ರಿಪೇರಿಗೆ ಒಪ್ಪಬೇಡಿ. ಒಪ್ಪಿದ್ದೇ ಆದರೆ ಗಡಿಯಾರ ಅಲ್ಲಿಗೆ ನಿಲ್ಲುತ್ತದೆ. ರಿಪೇರಿಯಾಗಿ ಬಂದ ಮೇಲೆ ಮಿಕ್ಕ ದಿನಗಳು, ಅವು ಏಳಕ್ಕಿಂತ ಕಡಿಮೆ ಇದ್ದರೆ ಏಳು ದಿನ, ಸಿಗುತ್ತವೆ. ಅಷ್ಟರಲ್ಲಿ ಪರೀಕ್ಷಿಸಿ ನಿರ್ಧರಿಸಬೇಕು.

ಹೋಗುವ ಮುನ್ನ ಸಾಕ್ಷ್ಯ ಕೂಡಿಸಿ. ವೈರ್ ಸಿಕ್ಕಿಸಿ ಬೆರಳಿನಿಂದ ಅಲ್ಲಾಡಿಸುತ್ತಾ, ಪರದೆಯ ಮೂಲೆಯಲ್ಲಿ ಬ್ಯಾಟರಿ ಗುರುತು ಬಂದು ಹೋಗುವುದನ್ನು ಅರ್ಧ ನಿಮಿಷದ ವಿಡಿಯೊ ಮಾಡಿ. ಇನ್ನೊಂದು ಚಾರ್ಜರಿನಲ್ಲೂ ಹಾಗೇ ಆಗುತ್ತದೆಂದು ತೋರಿಸಿ, ಇಲ್ಲದಿದ್ದರೆ ‘ವೈರಿನ ದೋಷ’ ಎಂದು ತಳ್ಳಿಹಾಕುತ್ತಾರೆ. ಮೂಲೆಗಳಲ್ಲಿ ಬಿದ್ದ ಗುರುತಿಲ್ಲ ಎಂಬುದಕ್ಕೆ ನಾಲ್ಕು ಕಡೆಯ ಫೋಟೊ. ಇದೆಲ್ಲ ಮುಗಿದ ಮೇಲೆ ಬ್ಯಾಕಪ್, ಕೊನೆಗೆ ರೀಸೆಟ್. ಮೊದಲೇ ರೀಸೆಟ್ ಮಾಡಿದರೆ ಸಾಫ್ಟ್‌ವೇರಿನ ದೋಷಗಳ ಸಾಕ್ಷ್ಯ ಅಳಿಸಿಹೋಗುತ್ತದೆ. ಫೋನಾದರೆ ಖಾತೆಯಿಂದ ಸೈನ್ ಔಟ್ ಆಗಿ, ಕಳ್ಳತನದ ಲಾಕ್ ತೆಗೆಯಿರಿ. ಲಾಕ್ ಇರುವ ಫೋನನ್ನು ಅಂಗಡಿಯವರು ಹಿಂತಿರುಗಿಸಿಬಿಡುತ್ತಾರೆ, ಆ ಗೊಂದಲದಲ್ಲಿ 30 ದಿನ ಕಳೆದುಹೋಗುತ್ತದೆ.

ಬಾಯಿಮಾತು ಬೇಡ, ಇಮೇಲ್ ಬರೆಯಿರಿ. ಉದ್ದ ಬೇಕಿಲ್ಲ. ಆರ್ಡರ್ ಸಂಖ್ಯೆ, ಮಾಲು ಬಂದ ದಿನ, ದೋಷ ಏನು ಮತ್ತು ಯಾವತ್ತು ಕಂಡಿತು ಇಷ್ಟು ಮೊದಲು. ಆಮೇಲೆ ಈ ಅರ್ಥದ ಮಾತು: ‘ಈ ಲ್ಯಾಪ್‌ಟಾಪ್ ತೃಪ್ತಿಕರ ಗುಣಮಟ್ಟದ್ದಲ್ಲ. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ 20 ಮತ್ತು 22ನೇ ಸೆಕ್ಷನ್ನುಗಳಡಿ ಇದನ್ನು ತಿರಸ್ಕರಿಸುತ್ತಿದ್ದೇನೆ. ಪೂರ್ತಿ ಹಣವನ್ನು 14 ದಿನದೊಳಗೆ ಪಾವತಿಸಿದ ಕಾರ್ಡಿಗೇ ಮರಳಿಸಿ.’ ಇಂಗ್ಲಿಷಿನಲ್ಲಿ ಬರೆಯುವಾಗ ‘ರಿಜೆಕ್ಟ್’ ಎಂಬ ಪದವನ್ನೇ ಬಳಸಿ. ‘ಮನಸ್ಸು ಬದಲಾಯಿತು’, ‘ಇಷ್ಟವಾಗಲಿಲ್ಲ’ ಎಂದು ಸೌಜನ್ಯಕ್ಕೂ ಬರೆಯಬೇಡಿ, ಅದು ಬೇರೆಯೇ ಹಕ್ಕಿನ ಭಾಷೆ. ಕಳಿಸಿದ ಮೇಲೆ ಆ ಯಂತ್ರವನ್ನು ಬಳಸಬೇಡಿ. ವಾಪಸ್ ಕಳಿಸುವ ಅಂಚೆ ಖರ್ಚು ಅಂಗಡಿಯದು.

30 ದಿನ ದಾಟಿದರೆ ಅಂಗಡಿಗೆ ಒಂದು ಅವಕಾಶ ಕೊಡಬೇಕು: ರಿಪೇರಿ ಇಲ್ಲವೇ ಬದಲಿ. ಆ ಒಂದು ಸಲವೂ ಸೋತರೆ ಹಣ ಕೇಳಬಹುದು, ಅಥವಾ ಮಾಲು ಇಟ್ಟುಕೊಂಡು ಬೆಲೆಯಲ್ಲಿ ಕಡಿತ ಪಡೆಯಬಹುದು. ‘ಒಂದೇ ಒಂದು ಸಲ’ ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಮೂರು ಸಲ ಕಳಿಸಿದ ಮೇಲೂ ನಾಲ್ಕನೆಯದನ್ನು ಕೇಳುವ ಅಂಗಡಿಗಳಿವೆ. ನೀವು ನೇರವಾಗಿ ತಯಾರಕರ ಬಳಿ ವಾರಂಟಿಯಲ್ಲಿ ಮಾಡಿಸಿದ ರಿಪೇರಿ ಈ ಲೆಕ್ಕಕ್ಕೆ ಬರುವುದಿಲ್ಲ. ಅಂಗಡಿಯ ಮೂಲಕವೇ ಮಾಡಿಸಿ.

ಮೊದಲ ಆರು ತಿಂಗಳಲ್ಲಿ ಕಂಡ ದೋಷ ಮಾರಿದ ದಿನವೇ ಇತ್ತೆಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡಬೇಕಾದವರು ಅಂಗಡಿಯವರು. ಈ ಅವಧಿಯಲ್ಲಿ ಹಣ ಮರಳಿಸುವಾಗ ‘ಇಷ್ಟು ದಿನ ಬಳಸಿದ್ದೀರಲ್ಲ’ ಎಂದು ಕಡಿತ ಮಾಡುವಂತೆಯೂ ಇಲ್ಲ. ಆರು ತಿಂಗಳ ನಂತರ ಭಾರ ನಿಮ್ಮ ಹೆಗಲಿಗೆ ಬರುತ್ತದೆ. ಆಗ ಹತ್ತಿರದ ಸ್ವತಂತ್ರ ರಿಪೇರಿ ಅಂಗಡಿಯಿಂದ ಲೆಟರ್‌ಹೆಡ್ಡಿನಲ್ಲಿ ವರದಿ ಬರೆಸಿ. ನೀರು ತಾಗಿಲ್ಲ, ಬಿದ್ದಿಲ್ಲ, ಬೋರ್ಡಿನ ಬೆಸುಗೆ ಅಥವಾ ಬಿಡಿಭಾಗವೇ ಸೋತಿದೆ ಎಂಬ ಮೂರು ಮಾತು ಅದರಲ್ಲಿರಬೇಕು. ವರದಿಯ ಖರ್ಚನ್ನೂ ಕ್ಲೇಮಿನಲ್ಲಿ ಸೇರಿಸಿ. ಆರು ವರ್ಷ ಎಂಬುದು ದಾವೆಯ ಗಡುವು, ಸ್ಕಾಟ್ಲೆಂಡಿನಲ್ಲಿ ಐದು. ಪ್ರತಿ ವಸ್ತುವೂ ಆರು ವರ್ಷ ಬಾಳಬೇಕೆಂದು ಅದರ ಅರ್ಥವಲ್ಲ. 15 ಪೌಂಡಿನ ಇಯರ್‌ಫೋನ್ ಮೂರನೇ ವರ್ಷ ಸತ್ತರೆ ಗೆಲ್ಲುವುದಿಲ್ಲ. 1,500 ಪೌಂಡಿನ ಟಿವಿ ಹದಿನೆಂಟನೇ ತಿಂಗಳಲ್ಲಿ ಕಪ್ಪಾದರೆ ಗೆಲ್ಲುವ ಸಾಧ್ಯತೆ ಚೆನ್ನಾಗಿದೆ.

ದೋಷವಿಲ್ಲದೆ ಸುಮ್ಮನೆ ಬೇಡವೆನಿಸಿದರೆ, ಆನ್‌ಲೈನಿನಲ್ಲಿ ಕೊಂಡದ್ದಕ್ಕೆ 14 ದಿನದ ಅವಕಾಶವಿದೆ. ಕಾರಣ ಹೇಳಬೇಕಿಲ್ಲ. ತಿಳಿಸಿದ ಮೇಲೆ ಮರಳಿಸಲು ಇನ್ನೂ 14 ದಿನ. ಆನ್‌ಲೈನಿನಲ್ಲಿ ಬರೀ ಕಾಯ್ದಿರಿಸಿ ಅಂಗಡಿಯಲ್ಲಿ ಹಣ ಕೊಟ್ಟರೆ ಈ ಹಕ್ಕು ಸಿಗದು. ಅಂಗಡಿಯಲ್ಲಿ ನೋಡಿ ಕೊಂಡದ್ದಕ್ಕೆ ಅಂಗಡಿಯ ಸ್ವಂತ ನಿಯಮವೇ ಗತಿ.

ಅಂಗಡಿ ಕೇಳದಿದ್ದರೆ ಬ್ಯಾಂಕು

ಬ್ರಿಟನ್ನಿನ ಅತಿ ಒಳ್ಳೆಯ ಗ್ರಾಹಕ ಕಾನೂನು ಯಾವುದೆಂದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್. 100 ಪೌಂಡಿಗಿಂತ ಹೆಚ್ಚು, 30,000 ಮೀರದ ವಸ್ತುವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ, ಮಾರಿದವರು ಮಾತು ತಪ್ಪಿದಾಗ ಕಾರ್ಡ್ ಕೊಟ್ಟ ಬ್ಯಾಂಕೂ ಅಷ್ಟೇ ಹೊಣೆ. ಅಂಗಡಿ ದಿವಾಳಿಯಾಗಿದ್ದರೂ ಸರಿ, ಬೇರೆ ದೇಶದ್ದಾಗಿದ್ದರೂ ಸರಿ. ಮುಂಗಡ ಒಂದಿಷ್ಟನ್ನು ಮಾತ್ರ ಕಾರ್ಡಿನಲ್ಲಿ ಕಟ್ಟಿ ಉಳಿದದ್ದನ್ನು ನಗದು ಕೊಟ್ಟಿದ್ದರೂ ಇಡೀ ಬೆಲೆಗೆ ರಕ್ಷಣೆ. ಲೆಕ್ಕಕ್ಕೆ ಬರುವುದು ಒಂದೊಂದು ವಸ್ತುವಿನ ಬೆಲೆ: 60 ಪೌಂಡಿನ ಎರಡು ಸ್ಪೀಕರು ಒಟ್ಟಿಗೆ ಕೊಂಡರೆ 120 ಆಗುತ್ತದೆ, ಆದರೆ ರಕ್ಷಣೆ ಇಲ್ಲ. ನಡುವೆ ಇನ್ನೊಂದು ಪಾವತಿ ಸೇವೆ ಅಥವಾ ಮಾರುಕಟ್ಟೆ ಜಾಲತಾಣ ಬಂದರೆ ಕೊಂಡಿ ಕಳಚುವ ಅಪಾಯವಿದೆ. ದುಬಾರಿ ವಸ್ತುವಿಗೆ ಕಾರ್ಡ್ ನೇರವಾಗಿ ಮಾರುವವರ ಪುಟದಲ್ಲೇ ಬಳಸಿ.

ಹೊಸದಾಗಿ ಬಂದವರಿಗೆ ಇಲ್ಲಿ ಕ್ರೆಡಿಟ್ ಇತಿಹಾಸವಿಲ್ಲ, ಕಾರ್ಡ್ ತಕ್ಷಣ ಸಿಗದು. ಡೆಬಿಟ್ ಕಾರ್ಡಿಗೆ, ಕಟ್ಟಿದ ಹಣವನ್ನು ಮಾರಿದವರಿಂದ ಬ್ಯಾಂಕಿನ ಮೂಲಕ ಮರಳಿ ಪಡೆಯುವ ಚಾರ್ಜ್‌ಬ್ಯಾಕ್ ಎಂಬ ದಾರಿಯಿದೆ. ಅದು ಕಾರ್ಡ್ ಸಂಸ್ಥೆಗಳ ನಿಯಮ, ಕಾನೂನಲ್ಲ, ಸಾಮಾನ್ಯವಾಗಿ 120 ದಿನದ ಗಡುವು. ಆದ್ದರಿಂದ ತಡಮಾಡಬಾರದು. ಬ್ಯಾಂಕ್ ಎಂಟು ವಾರದಲ್ಲಿ ಉತ್ತರಿಸದಿದ್ದರೆ, ಅಥವಾ ಒಪ್ಪದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಖರ್ಚಿಲ್ಲ. ಬ್ಯಾಂಕಿನ ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಕೊಡಬೇಕು.

ಇಂಗ್ಲೆಂಡ್, ವೇಲ್ಸ್‌ನಲ್ಲಿ ಸಲಹೆಗೆ ಸಿಟಿಜನ್ಸ್ ಅಡ್ವೈಸ್‌ನ ಉಚಿತ ಸಂಖ್ಯೆ 0808 223 1133. ಕೊನೆಯ ಮೆಟ್ಟಿಲು 10,000 ಪೌಂಡಿನವರೆಗಿನ ಸಣ್ಣ ದಾವೆ. ವಕೀಲರಿಲ್ಲದೆ ಆನ್‌ಲೈನಿನಲ್ಲೇ ಹೂಡಬಹುದು. ಅದಕ್ಕೂ ಮುಂಚೆ 14 ದಿನದ ಎಚ್ಚರಿಕೆ ಪತ್ರ ಕಳಿಸಿ. ಎಷ್ಟೋ ಅಂಗಡಿಗಳು ಆ ಪತ್ರಕ್ಕೇ ಹಣ ಕೊಡುತ್ತವೆ.

ಫೈಲು ಕೊಂಡರೆ ನಿಮ್ಮದೇನು

ಇಲ್ಲಿಂದ ಮುಂದೆ ನೆಲ ಜಾರುತ್ತದೆ. ಡೌನ್‌ಲೋಡ್ ಮಾಡಿದ ಗೇಮ್, ಸಿನಿಮಾ ಕೆಟ್ಟಿದ್ದರೆ ರಿಪೇರಿ, ಬದಲಿ, ಬೆಲೆ ಕಡಿತ ಕೇಳಬಹುದು, 30 ದಿನದ ತಿರಸ್ಕಾರ ಇಲ್ಲ. ಅದೇ ಗೇಮ್ ಡಿಸ್ಕಿನಲ್ಲಿ ಬಂದರೆ ಅದು ವಸ್ತು, ತಿರಸ್ಕರಿಸಬಹುದು. ‘ಡೌನ್‌ಲೋಡ್ ಈಗಲೇ ಶುರುಮಾಡಿ, ರದ್ದತಿ ಹಕ್ಕು ಬಿಡುತ್ತೇನೆ’ ಎಂಬ ಚೌಕಕ್ಕೆ ಗುರುತು ಹಾಕಿ ಇಳಿಸಲು ಶುರುಮಾಡಿದರೆ 14 ದಿನದ ಅವಕಾಶವೂ ಹೋಯಿತು. ಆ್ಯಪ್ ನಿಮ್ಮ ಫೋನನ್ನು ಹಾಳುಮಾಡಿದರೆ ಮಾತ್ರ ಗ್ರಾಹಕ ಹಕ್ಕುಗಳ ಕಾಯ್ದೆಯ 46ನೇ ಸೆಕ್ಷನ್ ನೆರವಿಗಿದೆ: ಸರಿಪಡಿಸಿ ಕೊಡಬೇಕು, ಇಲ್ಲವೇ ಪರಿಹಾರ.

ಕಾಪಿಯ ಕಥೆ ಇನ್ನೂ ನೋವಿನದು. 2014ರ ಅಕ್ಟೋಬರ್ 1ರಂದು, ಸ್ವಂತಕ್ಕೆ ಕೊಂಡದ್ದನ್ನು ಸ್ವಂತ ಬಳಕೆಗೆ ಕಾಪಿ ಮಾಡಿಕೊಳ್ಳಬಹುದೆಂದು ಕಾನೂನಾಯಿತು. ಸಂಗೀತಗಾರರ ಸಂಘಟನೆಗಳು ಹೈಕೋರ್ಟಿಗೆ ಹೋದವು. ಪರಿಹಾರ ಕೊಡದೆ ಕಾಪಿಗೆ ಅವಕಾಶ ಕೊಟ್ಟದ್ದಕ್ಕೆ ಸರ್ಕಾರದ ಬಳಿ ಸಾಕಷ್ಟು ಆಧಾರವಿಲ್ಲ ಎಂದು ನ್ಯಾಯಾಲಯ ಹೇಳಿ, 2015ರ ಜುಲೈ 17ರಂದು ಅದನ್ನು ರದ್ದುಗೊಳಿಸಿತು. ಕಲಾವಿದರಿಗೆ ಹಣ ಸಲ್ಲಬೇಕೆಂಬ ವಾದ ನ್ಯಾಯವಾದದ್ದೇ. ಆದರೆ ಒಮ್ಮೆ ಹಣ ಕೊಟ್ಟವರಿಂದ ಅದೇ ಹಾಡಿಗೆ ಇನ್ನೊಮ್ಮೆ ಕೇಳುವುದು ನ್ಯಾಯವಲ್ಲ. ಸರ್ಕಾರ ದಾರಿ ಹುಡುಕದೆ ಕೈಬಿಟ್ಟದ್ದು ದೊಡ್ಡ ತಪ್ಪು. ಮೈಸೂರಿನಿಂದ ತಂದ ಭಾವಗೀತೆಯ ಸಿ.ಡಿ.ಯನ್ನೇ ತೆಗೆದುಕೊಳ್ಳಿ. ಭಾರತದ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ, ಸ್ವಂತ ಬಳಕೆಯ ನ್ಯಾಯಯುತ ಉಪಯೋಗವನ್ನು ಉಲ್ಲಂಘನೆ ಎನ್ನುವುದಿಲ್ಲ. ಅದೇ ಸಿ.ಡಿ.ಯನ್ನು ಇಂಗ್ಲೆಂಡಿನ ಲೆಸ್ಟರಿನ ಮನೆಯಲ್ಲಿ ಲ್ಯಾಪ್‌ಟಾಪಿಗೆ ಹಾಕಿ ಹಾಡು ಇಳಿಸಿದರೆ ಉಲ್ಲಂಘನೆ. ಮನೆಯೊಳಗಿನ ಬಳಕೆಗಷ್ಟೇ ಆದರೆ ಇದು ಸಿವಿಲ್ ವಿಷಯ, ಕ್ರಿಮಿನಲ್ ಅಪರಾಧವಲ್ಲ.

ಕಾನೂನು ಬಿಟ್ಟುಕೊಟ್ಟಿರುವುದೂ ಕೆಲವಿದೆ. ಟಿವಿ ಕಾರ್ಯಕ್ರಮವನ್ನು ಅನುಕೂಲವಾದ ಹೊತ್ತಿಗೆ ನೋಡಲು ಮನೆಯಲ್ಲಿ ರೆಕಾರ್ಡ್ ಮಾಡಬಹುದು, ಶಾಶ್ವತ ಸಂಗ್ರಹಕ್ಕಲ್ಲ. ಸಾಫ್ಟ್‌ವೇರ್ ಬಳಸಲು ಅಗತ್ಯವಾದ ಬ್ಯಾಕಪ್ ಪ್ರತಿ ಮಾಡಬಹುದು, ಒಪ್ಪಂದದಲ್ಲಿ ಬೇಡವೆಂದು ಬರೆದಿದ್ದರೂ. ದೃಷ್ಟಿದೋಷದಂಥ ಅಂಗವೈಕಲ್ಯ ಇರುವವರು ತಮಗೆ ಓದಲಾಗುವ ರೂಪಕ್ಕೆ ಪ್ರತಿ ಮಾಡಿಕೊಳ್ಳಬಹುದು. ಉದ್ಧರಣೆ, ಅಣಕಕ್ಕೆ 2014ರಲ್ಲೇ ಬಂದ ಅವಕಾಶ ಉಳಿದಿದೆ. ಓದಿ ಮುಗಿಸಿದ ಇ-ಪುಸ್ತಕವನ್ನು ಮಾತ್ರ ಮಾರುವಂತಿಲ್ಲ, ಅಚ್ಚಿನದನ್ನು ಮಾರಬಹುದು. ಬೆಲೆ ಹೆಚ್ಚುಕಡಿಮೆ ಒಂದೇ ಇದ್ದಾಗ ಅಚ್ಚಿನದನ್ನೇ ಕೊಳ್ಳಿ.

ಹಾಡು ಕೊಳ್ಳುವಾಗ ಕಾಪಿ ತಡೆಯುವ ಲಾಕ್ ಇಲ್ಲದ ಡೌನ್‌ಲೋಡ್ ಕೊಡುವ, ಎಷ್ಟು ಸಾಧನಗಳಿಗೆ ಹಾಕಿಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುವ ಕಡೆ ಕೊಳ್ಳಿ. ಅನುಮತಿ ಅಲ್ಲೇ ಇರುವುದರಿಂದ ಸಿ.ಡಿ.ಯ ತೊಡಕು ಬಾರದು. ಲೈಸೆನ್ಸಿನ ಪುಟವನ್ನು ರಸೀತಿಯ ಜೊತೆ ಪಿಡಿಎಫ್ ಮಾಡಿಡಿ.

ಇನ್ನು ಟಿವಿ ಲೈಸೆನ್ಸ್. ಮನೆಯಲ್ಲಿ ಟಿವಿ ಪೆಟ್ಟಿಗೆಯೇ ಇಲ್ಲದಿದ್ದರೂ, ಕನ್ನಡ ಸುದ್ದಿ ವಾಹಿನಿಯನ್ನು ಫೋನಿನಲ್ಲಿ ಪ್ರಸಾರವಾಗುತ್ತಿರುವಾಗಲೇ ನೋಡಿದರೆ ಲೈಸೆನ್ಸ್ ಬೇಕು. ಕ್ರಿಕೆಟ್ ನೇರಪ್ರಸಾರಕ್ಕೂ ಇದೇ ಮಾತು. ವಾಹಿನಿ ಯಾವ ದೇಶದ್ದು ಎಂಬುದು ಮುಖ್ಯವಲ್ಲ. ಬಿಬಿಸಿ ಐಪ್ಲೇಯರಿನಲ್ಲಿ ಹಳೆಯ ಕಾರ್ಯಕ್ರಮ ನೋಡಲೂ 2016ರ ಸೆಪ್ಟೆಂಬರ್ 1ರಿಂದ ಬೇಕು. 2025ರ ಏಪ್ರಿಲ್‌ನಲ್ಲಿ ಲೈಸೆನ್ಸಿನ ಶುಲ್ಕ ವರ್ಷಕ್ಕೆ 174.50 ಪೌಂಡ್ ಆಯಿತು, ಇಲ್ಲದೆ ಸಿಕ್ಕಿಬಿದ್ದರೆ ದಂಡ 1,000 ಪೌಂಡಿನವರೆಗೆ. ಪ್ರಸಾರ ಮುಗಿದ ಮೇಲೆ ಯೂಟ್ಯೂಬಿಗೆ ಹಾಕಿದ ಅದೇ ಸುದ್ದಿಯನ್ನು ರಾತ್ರಿ ನೋಡಿದರೆ ಏನೂ ಬೇಕಿಲ್ಲ.